ಕೈಯಲ್ಲಿ ಚೀಟಿ, ಪಟ್ಟಿಯಲ್ಲಿಲ್ಲದ ಹೆಸರು

ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದಲ್ಲಿ ಹುಟ್ಟಿ, ಕೆನಡಾದ ರಾಜಧಾನಿ ಒಟ್ಟಾವಾದ ಹೊರವಲಯದ ನೇಪಿಯನ್ ಕ್ಷೇತ್ರದಿಂದ 2015 ಮೊದಲ್ಗೊಂಡು ಮೂರು ಬಾರಿ ಆಯ್ಕೆಯಾಗಿ, 2022ರಲ್ಲಿ ಅಲ್ಲಿಯ ಸಂಸತ್ತಿನಲ್ಲಿ ಕನ್ನಡದಲ್ಲಿಯೇ ಮಾತನಾಡಿದ ಚಂದ್ರ ಆರ್ಯರ ಹೆಸರನ್ನು ನಮ್ಮ ಕಡೆಯ ಜನರೂ ಅಭಿಮಾನದಿಂದ ಆಡಿಕೊಂಡದ್ದುಂಟು. 2025ರಲ್ಲಿ ಅವರ ಪಕ್ಷವೇ ಅವರ ಉಮೇದುವಾರಿಕೆಯನ್ನು ರದ್ದುಪಡಿಸಿತು. ಪ್ರಧಾನಿ ಮಾರ್ಕ್ ಕಾರ್ನಿಯವರೇ ಅಲ್ಲಿ ನಿಂತು ಏಪ್ರಿಲ್ 28ರಂದು ಗೆದ್ದರು. ನಾನಾ ದೇಶಗಳಿಂದ ಬಂದು ನೆಲಸಿದ ಜನರಿರುವ ಆ ಕ್ಷೇತ್ರದ ಚುನಾವಣೆಯಲ್ಲಿ ವಕೀಲನಾದ ನನ್ನ ಲಕ್ಷ್ಯವು ಹೋದದ್ದು ಗೆದ್ದವರ ಕಡೆಗಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಪೌರನು ಮತದಾನದ ದಿನವೇ ಗುರುತಿನ ಮತ್ತು ವಾಸದ ದಾಖಲೆಗಳೊಡನೆ ತನ್ನ ಮತಗಟ್ಟೆಗೆ ಹೋಗಿ, ನಿಂತ ನಿಲುವಿನಲ್ಲಿಯೇ ನೋಂದಾಯಿಸಿಕೊಂಡು ಮತ ಹಾಕಬಹುದೆಂಬ ಅಲ್ಲಿಯ ನಿಯಮದ ಕಡೆಗೆ.

ನಮ್ಮಲ್ಲಿ ಅದು ಸರ್ವಥಾ ಸಾಧ್ಯವಿಲ್ಲ. ಚುನಾವಣೆ ಮುಗಿದ ಮೇಲೆ ಹುಣಸೂರು ತಾಲ್ಲೂಕಿನ ಹನಗೋಡಿನ ಸುತ್ತಿನಿಂದ ಬರುವ ಕಕ್ಷಿಗಾರರು ಮೇಜಿನ ಮೇಲೆ ಮೊದಲು ಇಡುವುದು ಲ್ಯಾಮಿನೇಷನ್ ಮಾಡಿಸಿದ ಗುರುತಿನ ಚೀಟಿಯನ್ನು, ಕೇಳುವುದು, "ಕಾರ್ಡಿದೆಯಲ್ಲ ಸ್ವಾಮಿ, ಓಟು ಯಾಕಿಲ್ಲ ಅಂದ್ರು?" ಎಂದು. ಆ ಚೀಟಿಯು ನೀವು ಯಾರೆಂಬುದಕ್ಕೆ ಸಾಕ್ಷಿಯೇ ಹೊರತು ಹಕ್ಕಿಗೆ ಆಧಾರವಲ್ಲ. ಹಕ್ಕಿಗೆ ಆಧಾರ ಪಟ್ಟಿಯೊಂದೇ. ಹೆಸರಿದ್ದು ಚೀಟಿ ಕಳೆದಿದ್ದರೆ ಆಧಾರ್ ತೋರಿಸಿಯಾದರೂ ಮತ ಹಾಕಬಹುದು. ಚೀಟಿಯಿದ್ದು ಹೆಸರಿಲ್ಲದಿದ್ದರೆ ಜಿಲ್ಲಾಧಿಕಾರಿಯೇ ಬಂದು ನಿಂತರೂ ಮತವಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 23ನೆಯ ಪ್ರಕರಣದಂತೆ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಭಾಗದ ಮತದಾನ ನಡೆದದ್ದು ಏಪ್ರಿಲ್ 26ರಂದು. ನಾಮಪತ್ರದ ಕೊನೆಯ ದಿನ ಏಪ್ರಿಲ್ 4. ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕಾದ್ದರಿಂದ, ಅದಕ್ಕೆ ಹತ್ತು ದಿನ ಮೊದಲೇ ಅರ್ಜಿ ಕಚೇರಿ ಸೇರಿರಬೇಕೆಂದು ತಿಳಿಯತಕ್ಕದ್ದು. ಹೆಸರಿಲ್ಲದಿದ್ದರೆ 'ಚಾಲೆಂಜ್ ವೋಟು' ಕೇಳಿರೆಂದು ಪ್ರತಿ ಚುನಾವಣೆಯಲ್ಲಿಯೂ ವಾಟ್ಸಾಪಿನಲ್ಲಿ ಹರಿದಾಡುವ ಮಾತು ಶುದ್ಧ ಸುಳ್ಳು. ಮತ ಹಾಕಲು ಬಂದವನ ಗುರುತನ್ನು ಪಕ್ಷದ ಏಜೆಂಟು 2 ರೂಪಾಯಿ ಕಟ್ಟಿ ಪ್ರಶ್ನಿಸುವುದಕ್ಕೆ ಆ ಹೆಸರು. ಹೆಸರಿಲ್ಲದವನಿಗೂ ಅದಕ್ಕೂ ಸಂಬಂಧವಿಲ್ಲ.

ಇದ್ದ ಹೆಸರು ಹೋಗುವುದು ಹೇಗೆ? ನಾಗರಹೊಳೆಯ ಅಂಚಿನ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಹೋಗಿ ತಿಂಗಳುಗಟ್ಟಲೆ ಲೈನ್ ಮನೆಗಳಲ್ಲಿ ಉಳಿಯುವ ಜೇನುಕುರುಬರ ಮನೆಗೆ ಬೀಗ ಕಂಡ ಮತಗಟ್ಟೆ ಮಟ್ಟದ ಅಧಿಕಾರಿ (ಬಿ.ಎಲ್.ಓ.), ನೆರೆಯವರನ್ನೂ ಕೇಳದೆ 'ಸ್ಥಳಾಂತರ' ಎಂದು ಬರೆದುಬಿಟ್ಟರೆ ಸಾಕು. ಬರೆಯುವುದಕ್ಕೆ ಒಂದು ನಿಮಿಷ, ಸರಿಪಡಿಸುವುದಕ್ಕೆ ಒಂದು ಚುನಾವಣೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರದಿಂದ ಸಾಮಾನ್ಯ ನಿವಾಸ ತಪ್ಪುವುದಿಲ್ಲವೆಂದು ಅದೇ ಕಾಯ್ದೆಯ 20ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಸ್ಥಳಾಂತರದ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಯ ಅಹವಾಲು ಕೇಳಲೇಬೇಕೆಂದು 22ನೆಯದು ಹೇಳುತ್ತದೆ. ನೋಟೀಸು ಬಂದರೆ ವಿಚಾರಣೆಗೆ ಹೋಗಿ, ಉತ್ತರವನ್ನು ಬರಹದಲ್ಲಿ ಕೊಡಿ. ಆದರೆ 20ನೆಯ ಪ್ರಕರಣವನ್ನೇ ಹಿಡಿದು, ಸಂಸಾರಸಮೇತ ಬೆಂಗಳೂರಿನಲ್ಲಿ ನೆಲಸಿದ ಮಗನ ಹೆಸರನ್ನು ಊರಿನ ಮನೆ ಅವನದೆಂಬ ನೆಪದಿಂದ ಇಲ್ಲಿ ಉಳಿಸಿಕೊಳ್ಳಬೇಡಿ: ಮನೆಯ ಒಡೆತನ ಮಾತ್ರದಿಂದ ನಿವಾಸಿಯಾಗುವುದಿಲ್ಲ. ಎರಡು ಕಡೆ ಹೆಸರಿರಕೂಡದು. ಅರ್ಜಿಯಲ್ಲಿ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸವುಂಟು.

ಮದುವೆಯಾಗಿ ಹೋದ ಹೆಣ್ಣುಮಕ್ಕಳ ಗತಿ ಇನ್ನೂ ವಿಚಿತ್ರ. ಹುಣಸೂರು, ಪಿರಿಯಾಪಟ್ಟಣಗಳು ಮೈಸೂರು ಲೋಕಸಭಾ ಕ್ಷೇತ್ರಕ್ಕೆ, ಕೆ.ಆರ್.ನಗರವು ಮಂಡ್ಯಕ್ಕೆ, ಹೆಗ್ಗಡದೇವನಕೋಟೆಯು ಚಾಮರಾಜನಗರಕ್ಕೆ ಸೇರಿರುವುದರಿಂದ, ಹತ್ತಿಪ್ಪತ್ತು ಮೈಲಿಯಾಚೆಗೆ ಮದುವೆಯಾದವಳು ಬೇರೊಂದು ಲೋಕಸಭಾ ಕ್ಷೇತ್ರಕ್ಕೇ ಹೋಗಿಬಿಡುತ್ತಾಳೆ. ತವರಿನಲ್ಲಿ ಯಾರೋ 7ನೆಯ ನಮೂನೆ ಕೊಟ್ಟು ಹೆಸರು ತೆಗೆಸುತ್ತಾರೆ. ಗಂಡನ ಮನೆಯಲ್ಲಿ ಸೇರಿಸುವವರಿಲ್ಲ. 7ನೆಯದರ ಗೋಜಿಗೆ ಹೋಗದೆ ಹೊಸ ವಿಳಾಸಕ್ಕೆ ವರ್ಗಾಯಿಸಲು 8ನೆಯ ನಮೂನೆಯೊಂದನ್ನೇ ಕೊಟ್ಟರೆ ಸಾಕು. ಹೊಸದಾಗಿ ಸೇರುವವರಿಗೆ 6ನೆಯದು. ಹದಿನೆಂಟು ತುಂಬುವುದಕ್ಕೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ದಿನಗಳನ್ನು ಗಣಿಸುತ್ತಾರೆ. ಈ ಯಾವ ನಮೂನೆಗೂ ಶುಲ್ಕವಿಲ್ಲ. ತಾಲ್ಲೂಕು ಕಚೇರಿಯ ಎದುರಿನ ನೆರಳಿನಲ್ಲಿ ಕುಳಿತು ಅರ್ಜಿಯೊಂದಕ್ಕೆ ಇನ್ನೂರು ಕೀಳುವ ಮಹಾಶಯನು ನಿಮಗಾಗಿ ಮಾಡುವುದು, ನಿಮ್ಮ ಮಗಳು ಮೊಬೈಲಿನಲ್ಲಿ ಮಾಡಬಹುದಾದುದನ್ನೇ. ಅವನು ನಿಮಗೆ ಕೊಡದೇ ಇರುವುದು ಒಂದುಂಟು: ಅರ್ಜಿಯ ಕೆಳತುದಿಯಲ್ಲಿ ಹರಿದುಕೊಡುವ ಸ್ವೀಕೃತಿ. ಸಹಿ, ದಿನಾಂಕಗಳುಳ್ಳ ಆ ತುಂಡು ಕಾಗದವಿಲ್ಲದೆ ಬಂದವರಿಗೆ ನಾನೂ ಏನೂ ಮಾಡಲಾರೆ. "ಕಳಿಸ್ತೀವಿ ಹೋಗಿ" ಎಂಬ ಗುಮಾಸ್ತನ ಮಾತು ಸ್ವೀಕೃತಿಯಲ್ಲ.

ಬೈಲಕುಪ್ಪೆ, ಗುರುಪುರಗಳ ಟಿಬೆಟನ್ನರಿಗೆ ಒಂದು ಮಾತು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯ ಪೌರರು. 2014ರಲ್ಲಿ ಚುನಾವಣಾ ಆಯೋಗವೂ ಇಂಥವರನ್ನು ಪಟ್ಟಿಗೆ ಸೇರಿಸುವಂತೆ ನಿರ್ದೇಶಿಸಿತು. ತರುವಾಯ ಹುಟ್ಟಿದವರಿಗೆ ತಂದೆತಾಯಿಗಳ ಪೌರತ್ವವನ್ನೂ ನೋಡುತ್ತಾರೆ.

ಇನ್ನು ಕೆನಡಾಕ್ಕೆ ಹೋದ ಮಕ್ಕಳು. ಓದಲು ಅಥವಾ ದುಡಿಯಲು ಹೋಗಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡವರು 6ಎ ನಮೂನೆಯಿಂದ ಸಾಗರೋತ್ತರ ಮತದಾರರಾಗಬಹುದು. ಆದರೆ ಅಂಚೆಯ ಮತವಿಲ್ಲ, ಮೂಲ ಪಾಸ್‌ಪೋರ್ಟಿನೊಡನೆ ಊರಿನ ಮತಗಟ್ಟೆಗೇ ಬರಬೇಕು. ಅಲ್ಲಿಯ ಪೌರತ್ವ ಪಡೆದ ಕ್ಷಣವೇ ಇಲ್ಲಿಯದು ಹೋಗುತ್ತದೆ, ಸಾಗರೋತ್ತರ ಭಾರತೀಯ ಪೌರರೆಂಬ ಓ.ಸಿ.ಐ. ಕಾರ್ಡಿಗೆ ಮತವಿಲ್ಲ. ಅಂಥವರ ಹೆಸರು ಪಟ್ಟಿಯಲ್ಲಿದ್ದರೆ ನೀವಾಗಿಯೇ ತೆಗೆಸಿ.

ಅರ್ಜಿ ತಿರಸ್ಕೃತವಾದರೆ ಬರಹದ ಆದೇಶ ಕೇಳಿ. ಆದೇಶದ ದಿನದಿಂದ ಹದಿನೈದು ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಯೂ ಸೋತರೆ ಮೂವತ್ತು ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿಯುಂಟು. ಅಷ್ಟು ದೂರ ಹೋಗುವ ಮೊದಲು, ಚುನಾವಣೆಯ ಸದ್ದಿಲ್ಲದ ದಿನಗಳಲ್ಲಿಯೇ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಮನೆಮಂದಿಯ ಹೆಸರುಗಳನ್ನು ಒಂದೊಂದಾಗಿ ವಿಚಾರಿಸಿ.