ವಿದ್ಯುತ್ತು ಹೋದರೂ ಅಳಿಯದ ನೆನಪು

ಆಟಿ ತಿಂಗಳ ಮಳೆ ಬಿರುಸಾದಾಗ ನಮ್ಮ ಕುದ್ರೋಳಿಯಲ್ಲಿ ವಿದ್ಯುತ್ತು ಹೋಗುವುದು ಹೊಸ ಸಂಗತಿಯಲ್ಲ. ವಿದ್ಯುತ್ತು ಮರಳಿ ಬಂದಾಗ ದೀಪವು ನೆನಪಿಟ್ಟುಕೊಳ್ಳಬೇಕಾದುದು ಏನೂ ಇಲ್ಲ. ಗುಂಡಿ ಒತ್ತಿದರೆ ಬೆಳಗುತ್ತದೆ. ಗಣಕಯಂತ್ರಕ್ಕಾದರೋ ಎದ್ದೊಡನೆ ಕೆಲವು ಸಂಗತಿಗಳು ತಿಳಿದಿರಬೇಕು. ಎಲ್ಲಿಂದ ಕೆಲಸ ಆರಂಭಿಸಬೇಕು? ಯಾವ ತಂತ್ರಾಂಶವನ್ನು ನಂಬಬಹುದು? ಇವನ್ನು ಅದು ಎಲ್ಲಿ ಬರೆದಿಟ್ಟುಕೊಂಡಿರುತ್ತದೆ?

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಯೊಬ್ಬನು ಒಮ್ಮೆ ಕಳವಳದಿಂದ ಕೇಳಿದನು. ಆತನು ಪ್ರಯೋಗಶಾಲೆಯ ಗಣಕದೊಳಗೆ ಒಂದು ಕಲ್ಪಿತ ಯಂತ್ರವನ್ನು, ಅಂದರೆ ವರ್ಚುವಲ್ ಮೆಷೀನನ್ನು, ನಿರ್ಮಿಸಿ ಅದರಲ್ಲಿ ಲಿನಕ್ಸ್ ಸ್ಥಾಪಿಸಿ, ಹಲವು ವಾರಗಳ ಲೆಕ್ಕಗಳನ್ನು ಮಾಡಿಟ್ಟಿದ್ದನು. ಅದರ ಡಿಸ್ಕಿನ ಕಡತವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು ನಡೆಸಿದಾಗ ಯಂತ್ರವು ಏಳಲಿಲ್ಲ. ಕಪ್ಪು ತೆರೆಯ ಮೇಲೆ ಅಪರಿಚಿತವಾದ ಆಜ್ಞಾಸೂಚಕವೊಂದು ಮಿನುಗುತ್ತಿತ್ತು. ಪರೀಕ್ಷೆಗೆ ಒಪ್ಪಿಸಬೇಕಾದ ಕೆಲಸವೆಲ್ಲವೂ ನಾಶವಾಯಿತೆಂದೇ ಆತನು ಭಾವಿಸಿದನು. ಅದು ನಿಜವಾಗಿ ನಾಶವಾಗಿತ್ತೆ? ಮೊದಲು ನಿಜವಾದ ಯಂತ್ರದ ನೆನಪನ್ನು ಪರಿಶೀಲಿಸೋಣ.

ಬ್ಯಾಟರಿಯಿಂದ ಫ್ಲ್ಯಾಶಿಗೆ

1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಯಂತ್ರದಲ್ಲಿ ಮೋಟೊರೋಲಾ ಕಂಪೆನಿಯ ಎಂಸಿ146818 ಎಂಬ ಗಡಿಯಾರದ ಚಿಪ್ ಇತ್ತು. ಅದರಲ್ಲಿ ಒಟ್ಟು 64 ಬೈಟುಗಳ ಸ್ಥಳವಿದ್ದು, 14 ಗಡಿಯಾರದ ಕೆಲಸಕ್ಕೂ ಉಳಿದ 50 ನೆನಪಿಗೂ ಮೀಸಲಾಗಿದ್ದವು. ಯಂತ್ರ ಆರಿದಾಗ ಒಂದು ಚಿಕ್ಕ ಬ್ಯಾಟರಿ ಇದನ್ನು ಪೋಷಿಸುತ್ತಿತ್ತು. ಬ್ಯಾಟರಿ ಸತ್ತರೆ ನೆನಪೂ ಸಾಯುತ್ತಿತ್ತು.

ಅದೇ 1984ರಲ್ಲಿ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೋಕ ಅವರು ಫ್ಲ್ಯಾಶ್ ಸ್ಮೃತಿಯನ್ನು ವಿದ್ವಾಂಸರ ಮುಂದಿಟ್ಟರು. ಇದರ ಪ್ರತಿಯೊಂದು ಕೋಶದಲ್ಲಿಯೂ ಸುತ್ತಲೂ ನಿರೋಧಕವಸ್ತುವಿನಿಂದ ಆವೃತವಾದ ಒಂದು ಪುಟ್ಟ ದ್ವಾರವುಂಟು. ಅದರೊಳಗೆ ಸೇರಿಸಿದ ಎಲೆಕ್ಟ್ರಾನುಗಳು ವಿದ್ಯುತ್ತು ಇಲ್ಲದಿದ್ದರೂ ವರ್ಷಗಟ್ಟಲೆ ಅಲ್ಲಿಯೇ ಸೆರೆಯಾಗಿರುತ್ತವೆ. ಫರ್ಮ್‌ವೇರನ್ನು ಹಿಡಿದಿಡುವ ಬಗೆಯ ಚಿಪ್ಪಿನಲ್ಲಿ, ಎಲೆಕ್ಟ್ರಾನು ತುಂಬಿದ ಕೋಶವನ್ನು 0 ಎಂದೂ ಬರಿದಾದ ಕೋಶವನ್ನು 1 ಎಂದೂ ಓದುತ್ತಾರೆ.

ಇಲ್ಲಿ ಒಂದು ತೊಡಕಿದೆ. 1ನ್ನು 0 ಮಾಡುವುದು ಸುಲಭ, ಬಿಡಿಬಿಡಿಯಾಗಿ ಮಾಡಬಹುದು. ಆದರೆ 0ಯನ್ನು ಮತ್ತೆ 1 ಮಾಡಬೇಕಾದರೆ ಸಾವಿರಾರು ಬೈಟುಗಳ ಇಡೀ ಖಂಡವನ್ನೇ ಅಳಿಸಬೇಕು. ಅಳಿಸುತ್ತಿರುವಾಗಲೇ ವಿದ್ಯುತ್ತು ಹೋದರೆ ಗತಿಯೇನು?

ಅಂಗಡಿಯ ಲೆಕ್ಕದ ರೀತಿ

ಜಿನಸಿನ ಅಂಗಡಿಯವರು ಶಾಯಿಯಲ್ಲಿ ಬರೆದ ಲೆಕ್ಕವನ್ನು ಉಜ್ಜಿ ಅಳಿಸುವುದಿಲ್ಲ. ಹಳೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಹೊಸ ಸಾಲನ್ನು ಬರೆಯುತ್ತಾರೆ. ಪುಸ್ತಕ ತುಂಬಿದಾಗ ಉಳಿದ ಬಾಕಿಗಳನ್ನಷ್ಟೇ ಹೊಸ ಪುಸ್ತಕಕ್ಕೆ ಇಳಿಸುತ್ತಾರೆ. ಇಂದಿನ ಗಣಕಗಳ ಯುಇಎಫ್‌ಐ ಫರ್ಮ್‌ವೇರ್ ಮಾಡುವುದೂ ಇದನ್ನೇ. ಇಡಿಕೆ-2 ಎಂಬ ಮುಕ್ತ ಫರ್ಮ್‌ವೇರಿನಲ್ಲಿ ಪ್ರತಿ ದಾಖಲೆಯ ತಲೆಯಲ್ಲಿ ಅದರ ಸ್ಥಿತಿಯನ್ನು ತಿಳಿಸುವ ಒಂದು ಬೈಟು ಇರುತ್ತದೆ. ಅದರ ಪಯಣ ಹೀಗೆ:

11111111 – ಇನ್ನೂ ಏನನ್ನೂ ಬರೆದಿಲ್ಲ
01111111 – ತಲೆಬರಹ ಪೂರ್ಣವಾಗಿದೆ
00111111 – ವಿಷಯವೂ ಪೂರ್ಣವಾಗಿದೆ, ದಾಖಲೆ ಜೀವಂತ
00111110 – ಬದಲಿ ದಾಖಲೆ ಬರುತ್ತಲಿದೆ
00111100 – ದಾಖಲೆ ರದ್ದಾಗಿದೆ

ಪ್ರತಿ ಹೆಜ್ಜೆಯಲ್ಲಿಯೂ 1 ಮಾತ್ರ 0 ಆಗಿರುವುದನ್ನು ವಾಚಕರು ಗಮನಿಸಬೇಕು. ಹಳೆಯ ದಾಖಲೆಯನ್ನು ಬದಲಿಸುವಾಗ ಮೊದಲು ಅದಕ್ಕೆ ನಾಲ್ಕನೆಯ ಗುರುತು ಹಾಕಿ, ಹೊಸದನ್ನು ಪೂರ್ಣವಾಗಿ ಬರೆದು, ಅನಂತರವೇ ಹಳೆಯದನ್ನು ರದ್ದು ಮಾಡುತ್ತಾರೆ. ಹೊಸದು ಅರ್ಧ ಬರೆದಾಗ ವಿದ್ಯುತ್ತು ಹೋದರೆ, ಮರುದಿನ ಫರ್ಮ್‌ವೇರ್ ಆ ಅರ್ಧ ಬರಹವನ್ನು ಲೆಕ್ಕಿಸದೆ ಹಳೆಯದನ್ನೇ ಮಾನ್ಯ ಮಾಡುತ್ತದೆ. ಹೊಸದು ಪೂರ್ಣವಾದ ಮೇಲೆ ಹೋದರೆ ಹೊಸದೇ ಮಾನ್ಯ. ಯಾವ ಕ್ಷಣದಲ್ಲಿ ದೀಪ ಆರಿದರೂ ಎರಡರಲ್ಲೊಂದು ಉಳಿದೇ ಇರುತ್ತದೆ.

ಕಲ್ಪಿತ ಯಂತ್ರದಲ್ಲಿ ಚಿಪ್ ಎಲ್ಲಿದೆ?

ಕಲ್ಪಿತ ಯಂತ್ರಕ್ಕೆ ಬ್ಯಾಟರಿಯೂ ಇಲ್ಲ, ಚಿಪ್ಪೂ ಇಲ್ಲ. ಫ್ಯಾಬ್ರಿಸ್ ಬೆಲ್ಲಾರ್ ಅವರು 2003ರಲ್ಲಿ ಆರಂಭಿಸಿದ ಕ್ಯೂಎಮು ಎಂಬ ತಂತ್ರಾಂಶವು ಚಿಪ್ಪಿನ ನಡತೆಯನ್ನು ಅನುಕರಿಸುತ್ತದೆ. ಅದರೊಳಗೆ ಓಡುವ ಫರ್ಮ್‌ವೇರಿಗೆ ಓವಿಎಂಎಫ್ ಎಂದು ಹೆಸರು; ಇದು ಇಡಿಕೆ-2ರದೇ ಒಂದು ಅಂಗ. ಸಾಮಾನ್ಯವಾಗಿ ಇದನ್ನು ಎರಡು ಕಡತಗಳಾಗಿ ಇಡುತ್ತಾರೆ. 4 ಮೆಗಾಬೈಟಿನ ಆವೃತ್ತಿಯಲ್ಲಿ ಫರ್ಮ್‌ವೇರಿನ ಆಜ್ಞೆಗಳು 3568 ಕಿಲೋಬೈಟು. ನೆನಪಿನ ಭಾಗ 528 ಕಿಲೋಬೈಟು. ಮೊದಲನೆಯದನ್ನು ಓದಲು ಮಾತ್ರ ಅವಕಾಶ. ಎಲ್ಲ ಕಲ್ಪಿತ ಯಂತ್ರಗಳೂ ಅದನ್ನು ಹಂಚಿಕೊಳ್ಳಬಹುದು. ಎರಡನೆಯದು ಪ್ರತಿ ಯಂತ್ರಕ್ಕೂ ಬೇರೆ.

ಫರ್ಮ್‌ವೇರ್ ತನ್ನ ಚಿಪ್ಪಿನಿಂದ ಓದುವಾಗ ಕ್ಯೂಎಮು ಆ ಕಡತದ ವಿಷಯವನ್ನು ಸಾಮಾನ್ಯ ಸ್ಮೃತಿಯಂತೆಯೇ ತೋರಿಸುತ್ತದೆ. ಬರೆಯಲು ಯತ್ನಿಸಿದೊಡನೆ ಕ್ಯೂಎಮು ಅದನ್ನು ನಡುವೆಯೇ ತಡೆದು, ನಿಜವಾದ ಚಿಪ್ಪಿಗೆ ನೀಡುವ ಆಜ್ಞೆಯೆಂದೇ ಅರ್ಥಮಾಡಿಕೊಂಡು, ಕಡತದಲ್ಲಿ ಬರೆದು, 'ಕೆಲಸ ಮುಗಿಯಿತು' ಎಂದು ಚಿಪ್ಪಿನ ಭಾಷೆಯಲ್ಲಿಯೇ ಉತ್ತರ ಕೊಡುತ್ತದೆ. ಕಲ್ಪಿತ ಯಂತ್ರವನ್ನು ನಿಲ್ಲಿಸಿದರೂ ಕಡತವು ಉಳಿಯುತ್ತದೆ. ಆದುದರಿಂದ ನೆನಪೂ ಉಳಿಯುತ್ತದೆ.

ವಿದ್ಯಾರ್ಥಿಯ ಕಥೆ ಏನಾಯಿತು?

ಆತನು ಒಯ್ದದ್ದು ಡಿಸ್ಕಿನ ಕಡತವನ್ನು ಮಾತ್ರ. 'ಡಿಸ್ಕಿನ ಇಂಥ ಜಾಗದಲ್ಲಿರುವ ಲಿನಕ್ಸಿನಿಂದ ಆರಂಭಿಸು' ಎಂಬ ಸೂಚನೆ ಇದ್ದುದು 528 ಕಿಲೋಬೈಟಿನ ಆ ಚಿಕ್ಕ ಕಡತದಲ್ಲಿ. ಅದು ಕಾಲೇಜಿನಲ್ಲಿಯೇ ಉಳಿದಿತ್ತು. ಮನೆಯಲ್ಲಿ ಫರ್ಮ್‌ವೇರಿಗೆ ದೊರೆತುದು ಬರಿಯ ಹಾಳೆ. ಇಂಥ ಸಂದರ್ಭದಲ್ಲಿ ಅದು ಗೊತ್ತಾದ ಒಂದು ಹೆಸರಿನ ಕಡತವನ್ನು ಡಿಸ್ಕಿನಲ್ಲಿ ಹುಡುಕುತ್ತದೆ. ಆತನ ಲಿನಕ್ಸ್ ಆ ಹೆಸರಿನ ಪ್ರತಿಯನ್ನು ಅಲ್ಲಿ ಇಟ್ಟಿರಲಿಲ್ಲ. ಫರ್ಮ್‌ವೇರಿನ ಪಟ್ಟಿಯನ್ನು ತೆರೆದು, ಲಿನಕ್ಸಿನ ಆರಂಭದ ಕಡತವನ್ನು ನಾವೇ ತೋರಿಸಿಕೊಟ್ಟೆವು. ಯಂತ್ರ ಎದ್ದಿತು, ಒಂದು ಅಂಕೆಯೂ ನಷ್ಟವಾಗಿರಲಿಲ್ಲ. ಯಂತ್ರವನ್ನು ಸಾಗಿಸುವವನು ಅದರ ದೇಹದೊಡನೆ ನೆನಪನ್ನೂ ಸಾಗಿಸಬೇಕೆಂಬುದನ್ನು ಆತನು ಇನ್ನು ಮರೆಯಲಾರನು.

ಕೊನೆಗೊಂದು ಸ್ವಾರಸ್ಯ. ಆ ಕಲ್ಪಿತ ಚಿಪ್ಪಿನ ಕಡತ ಇರುವುದು ಎಲ್ಲಿ? ಗಣಕದಲ್ಲಿ ಎಸ್‌ಎಸ್‌ಡಿ ಇದ್ದರೆ, ನಿಜವಾದ ಫ್ಲ್ಯಾಶ್ ಕೋಶಗಳಲ್ಲಿ! ಕಲ್ಪನೆಯ ಎಲೆಕ್ಟ್ರಾನುಗಳಿಗೂ ಕಟ್ಟಕಡೆಯ ಆಸರೆ ನಿಜವಾದ ಎಲೆಕ್ಟ್ರಾನುಗಳೇ.

ಯೋಚಿಸಿ ಉತ್ತರಿಸಿರಿ

1. 00111110 ಎಂಬ ಸ್ಥಿತಿಯಿಂದ 00111111ಕ್ಕೆ ಮರಳಲು ಫ್ಲ್ಯಾಶ್ ಚಿಪ್ಪಿನಲ್ಲಿ ಏನು ಮಾಡಬೇಕಾಗುವುದು?
2. ಹೊಸ ದಾಖಲೆಯನ್ನು ಬರೆಯುವ ಮೊದಲೇ ಹಳೆಯದನ್ನು ಪೂರ್ತಿ ರದ್ದು ಮಾಡಿದರೆ ಯಾವ ಅಪಾಯವುಂಟು?
3. ಎರಡು ಕಲ್ಪಿತ ಯಂತ್ರಗಳು ಒಂದೇ ನೆನಪಿನ ಕಡತವನ್ನು ಏಕಕಾಲದಲ್ಲಿ ಬಳಸಬಾರದು. ಏಕೆ?