ಮನೆಯಲ್ಲೇ ಮಾಡಿದ ಸ್ಕ್ಯಾನ್: ಕಾನೂನಿನ ಕಣ್ಣಿನಲ್ಲಿ ಬೆಲೆ ಎಷ್ಟು?

2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಬೆಳಗಾವಿ, ಬಾಗಲಕೋಟೆಯ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಎಷ್ಟೋ ಮನೆಗಳ ಕಾಗದಪತ್ರಗಳೂ ಹೋದವು. ಪ್ರವಾಹ ಬಾರದ ಊರಲ್ಲೂ ಗೆದ್ದಲು, ಇಲಿ, ಸೋರುವ ಮಾಡು ಇದ್ದೇ ಇವೆ. ಮನೆಯಲ್ಲಿ ಸಾಧಾರಣ ಸ್ಕ್ಯಾನರ್ ಇದ್ದವರು ಪತ್ರಗಳನ್ನು ಸ್ಕ್ಯಾನ್ ಮಾಡಿಡುವುದು ಒಳ್ಳೆಯದೇ. ಆದರೆ ಆ ಪ್ರತಿ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದು ಮೊದಲೇ ಗೊತ್ತಿರಬೇಕು.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕಾರ ಮೂಲ ಪತ್ರವೇ ಪ್ರಾಥಮಿಕ ಸಾಕ್ಷ್ಯ. ಅದರ ಸ್ಕ್ಯಾನ್ ದ್ವಿತೀಯ ಸಾಕ್ಷ್ಯ. ಮೂಲ ಪತ್ರ ಕಳೆದಿದೆ, ನಾಶವಾಗಿದೆ, ಅಥವಾ ಎದುರು ಪಕ್ಷದವರ ಬಳಿ ಇದ್ದು ನೋಟಿಸ್ ಕೊಟ್ಟರೂ ಅವರು ಹಾಜರುಪಡಿಸುತ್ತಿಲ್ಲ ಎಂಬಂಥ ಕಾರಣವನ್ನು ತೋರಿಸಿಕೊಟ್ಟರೆ ಮಾತ್ರ ಕಲಂ 60ರಡಿ ಅದಕ್ಕೆ ಅವಕಾಶ. ಜೊತೆಗೆ ಕಲಂ 63ರ ಪ್ರಮಾಣಪತ್ರವೂ ಬೇಕು. ಅದರಲ್ಲಿ ಬಳಸಿದ ಸಾಧನದ ವಿವರ ಮತ್ತು ಕಡತದ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಗುರುತು ಸಂಕೇತ) ಬರೆಯಬೇಕು. ತಜ್ಞರೂ ಸಹಿ ಹಾಕಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ.

ಚೆಕ್, ಪ್ರಾಮಿಸರಿ ನೋಟು, ಉಯಿಲುಗಳ ಮೂಲವನ್ನಂತೂ ಜೋಪಾನ ಮಾಡಿ. ಉಯಿಲಿನ ಮೂಲ ಸಿಗದಿದ್ದರೆ, ಬರೆದವರೇ ಅದನ್ನು ರದ್ದುಮಾಡಿದ್ದರು ಎಂಬ ವಾದಕ್ಕೆ ದಾರಿಯಾಗುತ್ತದೆ.

ಸ್ಕ್ಯಾನ್ ಮಾಡುವ ಕ್ರಮ

• 300 ಡಿಪಿಐ, ಬಣ್ಣದಲ್ಲಿ, ಪಿಡಿಎಫ್ ರೂಪದಲ್ಲಿ ಸ್ಕ್ಯಾನ್ ಮಾಡಿ. ಕಪ್ಪು-ಬಿಳುಪಿನಲ್ಲಿ ಮಾಸಿದ ಮೊಹರು, ಹೆಬ್ಬೆಟ್ಟಿನ ಗುರುತು ಸರಿಯಾಗಿ ಕಾಣುವುದಿಲ್ಲ.
• ಸಾಧಾರಣ ಸ್ಕ್ಯಾನರಿನ ಗಾಜು ಎ4 ಅಳತೆಯದು. ಛಾಪಾ ಕಾಗದ ಅದಕ್ಕಿಂತ ಉದ್ದ. ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡು ಸಲ ತೆಗೆಯಿರಿ. ನಡುವಿನ ಕೆಲವು ಸಾಲುಗಳು ಎರಡರಲ್ಲೂ ಬರಲಿ.
• ಪುಟದ ಹಿಂಬದಿಯನ್ನು ಬಿಡಬೇಡಿ. ಉಪನೋಂದಣಾಧಿಕಾರಿಯ ಷರಾ, ದಸ್ತಾವೇಜು ಸಂಖ್ಯೆ, ನೋಂದಣಿ ದಿನಾಂಕ ಹೆಚ್ಚಾಗಿ ಅಲ್ಲೇ ಇರುತ್ತವೆ.
• ಹಳೆಯ ಪತ್ರದ ಹೊಲಿಗೆ ಬಿಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ.
• ಮೊದಲ ಕಡತವನ್ನು ತಿದ್ದದೆ ಹಾಗೆಯೇ ಇಡಿ. ಅರ್ಜಿಗೆ ಚಿಕ್ಕ ಗಾತ್ರ ಬೇಕಿದ್ದರೆ ಬೇರೆ ಪ್ರತಿ ಮಾಡಿಕೊಳ್ಳಿ. ಯಾರು, ಯಾವಾಗ, ಯಾವ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದರೆಂದು ಬರೆದಿಡಿ. ಪ್ರಮಾಣಪತ್ರಕ್ಕೆ ಇದೇ ಆಧಾರ.

ಡಿಜಿಲಾಕರ್‌ನಲ್ಲಿ ಎರಡು ಬಗೆ

ಇಲಾಖೆಯೇ ನೇರವಾಗಿ ನೀಡಿದ ದಾಖಲೆಗೆ 2017ರಲ್ಲಿ ತಿದ್ದುಪಡಿಯಾದ ಡಿಜಿಟಲ್ ಲಾಕರ್ ನಿಯಮಗಳಡಿ ಮೂಲ ಪತ್ರದಷ್ಟೇ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ್ದಕ್ಕೆ ಆ ಮಾನ್ಯತೆ ಇಲ್ಲ. ಚಾಲನಾ ಪರವಾನಗಿ, ಅಂಕಪಟ್ಟಿಗಳಂಥವು ಇಲಾಖೆಯ ಕಡೆಯಿಂದಲೇ ಲಭ್ಯವಿದ್ದರೆ ಅಲ್ಲಿಂದಲೇ ಪಡೆದುಕೊಳ್ಳಿ.

ಮೂಲ ಪತ್ರ ಕಳೆದರೆ

ಕ್ರಯಪತ್ರ, ಪಾಲುಪಟ್ಟಿಯಂಥ ನೋಂದಾಯಿತ ಪತ್ರ ಕಳೆದರೆ ಮೊದಲು ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಂತರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಥವಾ ಕಾವೇರಿ ಆನ್‌ಲೈನ್ ಸೇವೆಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನೋಂದಣಿ ಕಾಯ್ದೆ, 1908ರ ಕಲಂ 57ರಂತೆ ಶುಲ್ಕ ಕಟ್ಟಿ ಅದನ್ನು ಪಡೆಯುವುದು ನಾಗರಿಕರ ಹಕ್ಕು. ಅರ್ಜಿಗೆ ಬೇಕಾದ ಸಂಖ್ಯೆ, ದಿನಾಂಕ, ಕಚೇರಿಯ ಹೆಸರು ನಿಮ್ಮ ಸ್ಕ್ಯಾನಿನಲ್ಲಿದ್ದರೆ ಹುಡುಕಾಟದ ಅಲೆದಾಟ ತಪ್ಪುತ್ತದೆ. ಮನೆಯ ಸ್ಕ್ಯಾನಿನಿಂದ ಆಗುವ ದೊಡ್ಡ ಉಪಕಾರ ಇದೇ.

ಎಚ್ಚರವಿರಲಿ

ಮೋಸದ ಉದ್ದೇಶದಿಂದ ಸ್ಕ್ಯಾನಿನಲ್ಲಿ ಸರ್ವೆ ನಂಬರ್, ದಿನಾಂಕ ತಿದ್ದುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 336ರಡಿ ಫೋರ್ಜರಿ. ವಿದ್ಯುನ್ಮಾನ ದಾಖಲೆಗೂ ಇದು ಅನ್ವಯ. ಆಧಾರ್ ಪ್ರತಿ ಕೊಡಬೇಕಾದಲ್ಲಿ, ಕೇಳಿದವರು ಒಪ್ಪಿದರೆ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ದಾಖಲೆಯ ವಿಷಯದಲ್ಲಿ ತಕರಾರು ಎದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ವಕೀಲರ ನೆರವು ಉಚಿತ. ಸ್ಕ್ಯಾನ್ ಆಯಿತೆಂದು ಮೂಲ ಪತ್ರವನ್ನು ಎಂದಿಗೂ ಎಸೆಯಬೇಡಿ.