ಬಳಕೆಯ ಚೆಲುವು

ಒಂದು ನಾಡಿನ ಜನಜೀವನವನ್ನು ಅರಿಯಲು ಅಲ್ಲಿನ ಅರಮನೆಗಳನ್ನು ನೋಡಿದರೆ ಸಾಲದು. ಸಾಮಾನ್ಯ ಜನರು ದಿನನಿತ್ಯ ಬಳಸಿದ ಪಾತ್ರೆ, ಪೆಟ್ಟಿಗೆಗಳನ್ನೂ ನೋಡಬೇಕು. ಕೊರಿಯಾ ದೇಶದ ಹಳೆಯ ಗೃಹೋಪಕರಣಗಳು ಈ ಮಾತಿಗೆ ಉತ್ತಮ ನಿದರ್ಶನವಾಗಿವೆ.

ಕೊರಿಯಾದಲ್ಲಿ ಚಳಿಗಾಲ ಬಹು ಕಠಿಣವಾದುದು. ಒಲೆಯ ಬಿಸಿಹೊಗೆಯನ್ನು ನೆಲದಡಿಯ ಕಾಲುವೆಗಳಲ್ಲಿ ಹಾಯಿಸಿ, ಹಾಸುಗಲ್ಲುಗಳನ್ನು ಕಾಯಿಸಿ, ಕೋಣೆಯನ್ನು ಬೆಚ್ಚಗಿಡುವ ಪದ್ಧತಿ ಅಲ್ಲಿ ಪ್ರಾಚೀನ ಕಾಲದಿಂದ ನಡೆದುಬಂದಿದೆ. ಅದಕ್ಕೆ ‘ಒಂದೋಲ್’ ಎಂದು ಹೆಸರು. ಬೆಚ್ಚನೆಯ ನೆಲದ ಮೇಲೆಯೇ ಊಟ, ಓದು, ನಿದ್ರೆ. ಆದುದರಿಂದ ಆ ಮನೆಗಳ ಪೀಠೋಪಕರಣಗಳು ನೆಲದಲ್ಲಿ ಕುಳಿತವರ ಕೈಗೆಟುಕುವಷ್ಟು ತಗ್ಗಾಗಿರುತ್ತಿದ್ದವು.

ಅವುಗಳಲ್ಲಿ ‘ಸೋಬಾನ್’ ಎಂಬುದು ಊಟದ ಚಿಕ್ಕ ಮೇಜು. ಅಡುಗೆಮನೆಯಿಂದ ಅನ್ನ, ಪದಾರ್ಥಗಳನ್ನು ಹೊತ್ತು ತರುವ ಹರಿವಾಣವೂ ಅದೇ, ಇಟ್ಟುಕೊಂಡು ಉಣ್ಣುವ ಮಣೆಯೂ ಅದೇ. ನಾಜು, ಟೊಂಗ್‌ಯಾಂಗ್, ಹೇಜು ಎಂಬ ಊರುಗಳ ಸೋಬಾನ್‌ಗಳು ತಮ್ಮ ತಮ್ಮ ವಿಶಿಷ್ಟ ಮಾಟಕ್ಕೆ ಹೆಸರಾಗಿವೆ. ‘ಬಂದಾಜಿ’ ಎಂಬುದು ಮುಂಭಾಗದ ಮೇಲರ್ಧ ಮಾತ್ರ ತೆರೆದುಕೊಳ್ಳುವ ಮರದ ಪೆಟ್ಟಿಗೆ. ಬಟ್ಟೆಬರೆ, ಬೆಲೆಯುಳ್ಳ ವಸ್ತುಗಳನ್ನು ಒಳಗಿಟ್ಟು, ಮಡಿಸಿದ ಹಾಸಿಗೆಗಳನ್ನು ಮೇಲೆ ಪೇರಿಸುತ್ತಿದ್ದರು. ‘ಒಂಗಿ’ ಎಂಬ ಮಣ್ಣಿನ ಜಾಡಿಗಳಲ್ಲಿ ಕಿಮ್ಚಿ ಎಂಬ ಹುಳಿಬರಿಸಿದ ತರಕಾರಿಯೂ ಸೋಯಾ ಅವರೆಯ ಹಿಂಡಿಯೂ ಹದಗೊಳ್ಳುತ್ತಿದ್ದವು. ಜಾಡಿಯ ಗೋಡೆಯ ಅತಿ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯಾಡುವುದರಿಂದ, ಅದು ಉಸಿರಾಡುವ ಪಾತ್ರೆಯೆಂದು ಜನ ಹೇಳುತ್ತಾರೆ.

ಇಂತಹ ಸಾಮಾನ್ಯ ವಸ್ತುಗಳ ಸೊಬಗನ್ನು ಮೊದಲು ಗುರುತಿಸಿದವರಲ್ಲಿ ಜಪಾನಿನ ಅಸಾಕಾವಾ ತಕುಮಿ ಒಬ್ಬರು. ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದಾಗ ಅಲ್ಲಿಗೆ ಬಂದು ನೆಲಸಿದ ಅವರು, ಆಳುವವರ ಗರ್ವವನ್ನು ತೊರೆದು ಅಲ್ಲಿನ ಭಾಷೆಯನ್ನು ಕಲಿತರು. 1929ರಲ್ಲಿ ಸೋಬಾನ್ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಪ್ರಾಮಾಣಿಕವಾಗಿ ಮಾಡಿದ ವಸ್ತು ಅಕ್ಕರೆಯಿಂದ ಬಳಸುವವರ ಕೈಯಲ್ಲಿ ದಿನೇ ದಿನೇ ಚೆಲುವಾಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಮುಂದೆ 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಅಸಂಖ್ಯಾತ ಮನೆಗಳು ನಾಶವಾದವು. ಅನಂತರ ದಕ್ಷಿಣ ಕೊರಿಯಾದ ನಗರಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಜಾಡಿಗಳನ್ನಿಡಲು ಹಿತ್ತಲಿಲ್ಲವಾಯಿತು, ಪ್ಲಾಸ್ಟಿಕ್ ಡಬ್ಬಿಗಳೂ ಕಿಮ್ಚಿಗೆಂದೇ ತಯಾರಾದ ರೆಫ್ರಿಜರೇಟರುಗಳೂ ಬಂದವು. ಅಜ್ಜಿಯ ಪೆಟ್ಟಿಗೆ ಮೊಮ್ಮಕ್ಕಳಿಗೆ ಹೊರೆಯೆನಿಸಿತು.

ಆದರೂ ಒಂದು ವಿಷಯ ಬದಲಾಗಲಿಲ್ಲ. ಈ ಹೊಸ ಮನೆಗಳ ನೆಲದಡಿಯಲ್ಲಿಯೂ ಬಿಸಿನೀರಿನ ಕೊಳವೆಗಳು ಹರಿಯುತ್ತವೆ; ನೆಲ ಇಂದಿಗೂ ಬೆಚ್ಚಗಿದೆ. ಆದುದರಿಂದ ಹಳೆಯ ವಸ್ತುಗಳು ಅಲ್ಲಿ ಪರಕೀಯವೆನಿಸುವುದಿಲ್ಲ. ಈಗ ಕೆಲವರು ಸೋಬಾನ್ ಮೇಲೆ ಚಹದ ಬಟ್ಟಲನ್ನಿಡುತ್ತಾರೆ; ಬಂದಾಜಿಯನ್ನು ನಡುಮನೆಯ ಗೋಡೆಗೆ ಒರಗಿಸಿ ಅದರ ಮೇಲೆ ದೀಪವನ್ನೋ ಹೂದಾನಿಯನ್ನೋ ಇಡುತ್ತಾರೆ.

ಇಲ್ಲಿ ವಿವೇಕ ಅಗತ್ಯ. ಅತಿಥಿಗಳಿಗೆ ಬೆಲೆಯನ್ನು ಸಾರಲು ಇಟ್ಟ ಪೆಟ್ಟಿಗೆ ಕೇವಲ ಅಲಂಕಾರ. ಅದರಲ್ಲಿ ಇಂದೂ ಮಗುವಿನ ಹೊದಿಕೆಯನ್ನು ಮಡಿಸಿಟ್ಟರೆ ಅದು ಮನೆಯ ಸದಸ್ಯನಂತೆ ಬಾಳುತ್ತದೆ. ಹಿರಿಯರ ವಸ್ತುವನ್ನು ಬಿಸಾಡುವುದೂ ಸುಲಭ, ಪೂಜಿಸುವುದೂ ಸುಲಭ. ಜೋಪಾನವಾಗಿ ಬಳಸುವುದೇ ಅದಕ್ಕೆ ಸಲ್ಲುವ ನಿಜವಾದ ಗೌರವ.